ಪುಸ್ತಕದಲ್ಲಿಲ್ಲದ ಬುಧವಾರ

ಆ ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವರು ಸ್ವೆಟರ್ ಸಾರ್. ಹೊರಗೆ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿದ್ದರೂ ಅವರ ಮೈಮೇಲೆ ಬೂದು ಬಣ್ಣದ ಸ್ವೆಟರ್ ಇರಲೇಬೇಕು. ಅವರ ದಿನವೆಲ್ಲ ಕಳೆಯುವುದು ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ, ಆ ಕೋಣೆಯ ಏಸಿ ಹಾಕಿಸಿದ್ದು ಯಂತ್ರಗಳಿಗೇ ಹೊರತು ಮನುಷ್ಯರಿಗಲ್ಲ. ಊಟಕ್ಕೆ ಮೇಲೆ ಬಂದಾಗಲೂ ಅದನ್ನು ತೆಗೆಯಲು ಮರೆಯುತ್ತಿದ್ದರು. ನರ್ಸುಗಳು ಹಣೆ ಮುಟ್ಟಿ ನೋಡುವ ಹಾಗೆ ನಟಿಸಿ, ಜ್ವರ ಎಷ್ಟು ದಿನದಿಂದ ಎಂದು ಕಾಲೆಳೆಯುತ್ತಿದ್ದರು.

ಹದಿನೆಂಟನೇ ವಯಸ್ಸಿಗೆ ಟೈಪ್‌ರೈಟರ್ ರಿಪೇರಿ ಅಂಗಡಿ ಸೇರಿದ್ದವರು ಅವರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಮೊದಲು ಬರೆದಿಡು, ಆಮೇಲೆ ಪಕ್ಕಕ್ಕಿಡು ಎಂದು ಅಂಗಡಿಯ ಯಜಮಾನ ತಲೆಗೆ ಮೊಟಕಿ ಕಲಿಸಿದ್ದ. ಟೈಪ್‌ರೈಟರ್ ಕಾಲ ಮುಗಿಯಿತು, ಕಂಪ್ಯೂಟರ್ ಬಂತು, ಸ್ವೆಟರ್ ಸಾರ್ ಆಸ್ಪತ್ರೆ ಸೇರಿದರು. ಮೊಟಕಿ ಕಲಿಸಿದ್ದು ಮಾತ್ರ ಹಾಗೇ ಉಳಿಯಿತು. ಸರ್ವರ್ ಕೋಣೆಯ ಮೇಜಿನ ಮೇಲೆ ಕೆಂಪು ಬೆನ್ನಿನ ದಪ್ಪ ಪುಸ್ತಕವೊಂದು ಸದಾ ಇರುತ್ತಿತ್ತು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಪುಟದ ಮೇಲೆ ಕೈಯಾರೆ ಗೆರೆ ಎಳೆದು ಮಾಡಿದ ಅಂಕಣಗಳು: ತಾರೀಖು, ಏನು ಬದಲಾಯಿತು, ಯಾಕೆ, ಮಾಡಿದವರು, ನೋಡಿದವರು. ಬರೆಯದೆ ಯಾರೂ ಯಂತ್ರ ಮುಟ್ಟುವಂತಿಲ್ಲ, ಕಣ್ಣಾರೆ ನೋಡದೆ ಯಾರೂ ಕೊನೆಯ ಅಂಕಣದಲ್ಲಿ ಸಹಿ ಹಾಕುವಂತಿಲ್ಲ. ಒಮ್ಮೆ ಕಂಪನಿಯ ಎಂಜಿನಿಯರ್ ಒಬ್ಬ ಒಂದು ಕೇಬಲ್ ಬದಲಾಯಿಸಿ ಬರೆಯದೆ ಹೊರಟಿದ್ದ. ಸ್ವೆಟರ್ ಸಾರ್ ಗೇಟಿನ ತನಕ ಓಡಿ ಹೋಗಿ ಅವನ ಕಾರು ನಿಲ್ಲಿಸಿ ವಾಪಸು ಕರೆತಂದು ಬರೆಸಿದ್ದರು. ಹನ್ನೊಂದು ವರ್ಷಕ್ಕೆ ಐದು ಪುಸ್ತಕ ತುಂಬಿದ್ದವು. ಆಸ್ಪತ್ರೆಯ ಸೂಪರಿಂಟೆಂಡೆಂಟರು ಮನುಷ್ಯರ ಮಾತಿಗಿಂತ ಆ ಪುಸ್ತಕವನ್ನೇ ಹೆಚ್ಚು ನಂಬುತ್ತಿದ್ದರು. ಇದು ಸ್ವೆಟರ್ ಸಾರ್‌ಗೆ ಗೊತ್ತಿತ್ತು, ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಈಗ ಆ ಬುಧವಾರದ ಮಾತಿಗೆ ಬರೋಣ. ರಕ್ತಪರೀಕ್ಷೆಯ ವರದಿಗಳನ್ನು ತಯಾರಿಸುವ ಲ್ಯಾಬ್ ಪ್ರೋಗ್ರಾಂ ಒಂದು ವರ್ಚುವಲ್ ಮಷೀನ್‌ನಲ್ಲಿ ಓಡುತ್ತಿತ್ತು. ಅಂದರೆ ಅದಕ್ಕೆ ಸ್ವಂತದ ಪೆಟ್ಟಿಗೆಯಿಲ್ಲ. ಒಂದು ದೊಡ್ಡ ಯಂತ್ರದೊಳಗೆ, ಅದರ ಪ್ರೊಸೆಸರನ್ನೇ ಹಂಚಿಕೊಂಡು, ತಾನೂ ಒಂದು ಯಂತ್ರವೆಂದು ನಂಬಿಕೊಂಡು ಬಾಡಿಗೆಗಿರುವ ಯಂತ್ರ ಅದು. ಆ ದೊಡ್ಡ ಯಂತ್ರದೊಳಗೆ ನಾಣ್ಯದಷ್ಟು ಗಾತ್ರದ ಪುಟ್ಟ ಬ್ಯಾಟರಿಯೊಂದಿದ್ದು, ಯಂತ್ರ ಆಫ್ ಆದಾಗಲೂ ಅದರ ಸೆಟ್ಟಿಂಗುಗಳನ್ನು ನೆನಪಿಡುವುದು ಈ ಬ್ಯಾಟರಿಯ ಕೆಲಸ. ಬ್ಯಾಟರಿ ಸೋತಿದೆ ಎಂದು ಪರದೆ ಒಂದು ತಿಂಗಳಿಂದ ಎಚ್ಚರಿಸುತ್ತಿತ್ತು. ನಾಳೆ ನಾಡಿದ್ದು ಎಂದು ತಳ್ಳಿದವರು ಸ್ವೆಟರ್ ಸಾರೇ. ಯಾರಿಗೂ ತಿಳಿಯುವುದರೊಳಗೆ ಮುಗಿಸಿಬಿಡೋಣವೆಂದು ಆ ಬುಧವಾರ ಬೆಳಿಗ್ಗೆ ಆರಕ್ಕೇ ಬಂದರು. ಬ್ಯಾಟರಿ ಹಾಕಿದ ಮೇಲೆ ವಾಚ್‌ಮನ್‌ನನ್ನು ಕರೆದು ತೋರಿಸಿ, ಅವನ ಸಹಿಯನ್ನೂ ಸೇರಿಸಿ ಒಟ್ಟಿಗೇ ಬರೆದರಾಯಿತು ಎಂದುಕೊಂಡರು. ಪುಸ್ತಕ ತೆರೆಯದೆ ಯಂತ್ರಕ್ಕೆ ಕೈ ಹಾಕಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಯಂತ್ರ ಆಫ್ ಮಾಡಿ ಹಳೆಯ ಬ್ಯಾಟರಿ ತೆಗೆದ ಕೂಡಲೇ ದೊಡ್ಡ ಯಂತ್ರ ತನ್ನ ಸೆಟ್ಟಿಂಗುಗಳನ್ನೆಲ್ಲ ಮರೆತು, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗಿ ಕೂತಿತು. ಹೊಸ ಬ್ಯಾಟರಿ ಹಾಕಿ ಸಮಯ ಸರಿಮಾಡಿದರು, ಡಿಸ್ಕ್ ಸರಿಮಾಡಿದರು. ಲ್ಯಾಬಿನ ಮಷೀನ್ ಮಾತ್ರ ಏಳಲಿಲ್ಲ. ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯ, ಅಂದರೆ ಬಾಡಿಗೆಯ ಯಂತ್ರಕ್ಕೆ ಪ್ರೊಸೆಸರನ್ನು ನೇರವಾಗಿ ಬಳಸಲು ಬಿಡುವ ಅನುಕೂಲ, ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಒಂದು ಸಾಲು ಬಂತು. ಮತ್ತೆ ಆಫ್ ಮಾಡಿ, ಒಳಗಿನ ಸೆಟ್ಟಿಂಗಿಗೆ ಹೋಗಿ ಆ ಸೌಲಭ್ಯವನ್ನು ಆನ್ ಮಾಡಿದರೆ ಮುಗಿಯಿತು. ಆದರೆ ಆ ದೊಡ್ಡ ಯಂತ್ರ ಎದ್ದು ಕೂರಲು ಇನ್ನೂ ಇಪ್ಪತ್ತು ನಿಮಿಷ ಬೇಕು. ಗಂಟೆ ಏಳಾಗಿತ್ತು. ಮೇಲೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಮೆಟ್ಟಿಲ ತನಕ ಬೆಳೆದಿತ್ತು, ಲ್ಯಾಬಿನಿಂದ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಸ್ವೆಟರ್ ಸಾರ್ ಅಡ್ಡದಾರಿ ಹಿಡಿದರು. ಲ್ಯಾಬ್ ಮಷೀನಿನ ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಒಂದು ಪದ ಬದಲಾಯಿಸಿದರು. ಪ್ರೊಸೆಸರನ್ನು ನೇರವಾಗಿ ಕೇಳುವುದು ಬೇಡ, ಅದರ ಕೆಲಸವನ್ನು ಸಾಫ್ಟ್‌ವೇರೇ ಅನುಕರಿಸಲಿ ಎಂಬುದು ಆ ಬದಲಾವಣೆಯ ಅರ್ಥ. ಮಷೀನ್ ಎದ್ದಿತು. ಸಂಜೆ ಸರಿಮಾಡಿ ಬರೆಯೋಣ ಎಂದು ನಿಟ್ಟುಸಿರು ಬಿಟ್ಟರು.

ಆ ಸಂಜೆ ಪ್ರಿಂಟರು ಕೆಟ್ಟಿತು. ಮರುದಿನ ಇನ್ನೇನೋ ಬಂತು. ಮೂರನೇ ದಿನ ಬರೆಯುವುದೆಂದರೆ, ಎರಡು ದಿನ ಯಾಕೆ ಬರೆಯಲಿಲ್ಲ ಎಂಬುದನ್ನೂ ಬರೆಯಬೇಕಿತ್ತು. ನಾಲ್ಕನೇ ದಿನದ ಹೊತ್ತಿಗೆ ಆ ವಿಷಯವನ್ನು ತಲೆಯ ಯಾವುದೋ ಮೂಲೆಗೆ ತಳ್ಳಿ ಬಾಗಿಲು ಹಾಕಿಬಿಟ್ಟಿದ್ದರು.

ಒಂದೇ ಭಾಷೆಯ ಇಬ್ಬರು ಮಾತಾಡಿದರೆ ಕೆಲಸ ಬೇಗ ಆಗುತ್ತದೆ. ನಡುವೆ ದುಭಾಷಿಯೊಬ್ಬನನ್ನು ಕೂರಿಸಿ ಪ್ರತಿಯೊಂದು ಪದವನ್ನೂ ಅವನ ಬಾಯಿಂದಲೇ ಹಾಯಿಸಿದರೆ ಏನಾಗುತ್ತದೋ ಲ್ಯಾಬ್ ಮಷೀನಿಗೆ ಅದೇ ಆಯಿತು. ನಾಲ್ಕು ನಿಮಿಷಕ್ಕೆ ಸಿಗುತ್ತಿದ್ದ ವರದಿಗೆ ನಲವತ್ತು ನಿಮಿಷ ಹಿಡಿಯತೊಡಗಿತು. ದುರದೃಷ್ಟಕ್ಕೆ, ಆ ಪ್ರೋಗ್ರಾಂ ಬರೆದ ಹುಡುಗಿ ಅದರ ಹೊಸ ರೂಪವನ್ನು ಅದೇ ವಾರ, ಸೋಮವಾರ ಹಾಕಿದ್ದಳು. ಅವಳಿಗೆ ಮೂವತ್ತು ದಾಟಿತ್ತು, ಆದರೂ ಆಸ್ಪತ್ರೆಗೆಲ್ಲ ಅವಳು ಪ್ರೋಗ್ರಾಂ ಹುಡುಗಿಯೇ. ಮಾತು ಕಡಿಮೆ, ಕೆಲಸದಲ್ಲಿ ಎತ್ತಿದ ಕೈ.

ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಏಳು ಜನರಿದ್ದರು. ತನ್ನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಸರಿಯಾಗಿಯೇ ಓಡುತ್ತಿದೆ, ಸರ್ವರ್ ಕಡೆ ಏನಾದರೂ ಬದಲಾಗಿದೆಯೇ ನೋಡಬಹುದೇ ಎಂದು ಅವಳು ಮೆಲ್ಲಗೆ ಕೇಳಿದಳು. ಎಲ್ಲರೂ ಸ್ವೆಟರ್ ಸಾರ್ ಕಡೆ ತಿರುಗಿದರು. ಅವರ ಕೈ ತಾನಾಗಿ ಕೆಂಪು ಬೆನ್ನಿನ ಪುಸ್ತಕವನ್ನು ಮೇಜಿನ ನಡುವೆ ತಳ್ಳಿತು.

"ಹೋದ ಸೋಮವಾರದ ನಂತರ ನನ್ನ ಪುಸ್ತಕದಲ್ಲಿ ಒಂದು ಗೆರೆ ಕೂಡ ಇಲ್ಲ" ಎಂದರು. "ಬದಲಾಗಿರೋದು ನಿಮ್ಮ ಪ್ರೋಗ್ರಾಂ ಮಾತ್ರ."

ಮಾತು ಸುಳ್ಳಾಗಿರಲಿಲ್ಲ. ಪುಸ್ತಕದಲ್ಲಿ ಗೆರೆ ನಿಜಕ್ಕೂ ಇರಲಿಲ್ಲ. ಸೂಪರಿಂಟೆಂಡೆಂಟರು ಪುಟ ನೋಡಿ ಗೋಣು ಆಡಿಸಿದರು. ಹೊರಗಿನವರೊಬ್ಬರು ಪ್ರೋಗ್ರಾಂ ಪರಿಶೀಲಿಸುವ ತನಕ ಹುಡುಗಿ ಅದನ್ನು ಮುಟ್ಟುವುದು ಬೇಡ, ಮಂಗಳವಾರದಿಂದ ವರದಿ ಕೊಡುವ ಕೌಂಟರಿನಲ್ಲಿ ಕೂರಲಿ ಎಂದು ತೀರ್ಮಾನವಾಯಿತು. ತಡವಾದ ವರದಿಗೆ ಜನ ಬೈಯುವುದನ್ನು ಕಿವಿಯಾರೆ ಕೇಳಿದರೆ ಗೊತ್ತಾಗುತ್ತದೆ ಎಂದು ಯಾರೋ ನಕ್ಕರು. ಅವಳು ತಲೆ ತಗ್ಗಿಸಿ ಎದ್ದು ಹೋದಳು. ಸ್ವೆಟರ್ ಸಾರ್ ಪುಸ್ತಕವನ್ನು ಎದೆಗವಚಿಕೊಂಡು ಕೆಳಗಿಳಿದರು.

ನಂತರದ ವಾರಗಳಲ್ಲಿ ಅವರು ಜಾಣಕುರುಡಿನ ಉತ್ತುಂಗಕ್ಕೆ ಏರಿದರು. ವೇಗ ಹೆಚ್ಚಲೆಂದು ಲ್ಯಾಬ್ ಮಷೀನಿಗೆ ಎರಡಿದ್ದ ಪ್ರೊಸೆಸರುಗಳನ್ನು ನಾಲ್ಕು ಮಾಡಿದರು, ನಾಲ್ಕನ್ನು ಎಂಟು ಮಾಡಿದರು. ಒಂದೊಂದನ್ನೂ ಮುದ್ದಾದ ಅಕ್ಷರದಲ್ಲಿ ಬರೆದು, ತೋರಿಸಿ ಸಹಿ ಹಾಕಿಸಿದರು. ಸೇರಿಸಿದಷ್ಟೂ ನಡುವಿನ ದುಭಾಷಿಯ ಹೊರೆ ಹೆಚ್ಚಿ ಮಷೀನ್ ಇನ್ನಷ್ಟು ಏದುಸಿರು ಬಿಟ್ಟಿತು. ಕೌಂಟರಿನ ಮುಂದೆ ಹಾಯಬಾರದೆಂದು ಊಟಕ್ಕೆ ಹಿಂದಿನ ಮೆಟ್ಟಿಲಲ್ಲಿ ಹೋಗತೊಡಗಿದರು.

ಹೀಗಿರುವಾಗ ಅವರ ಹೆಂಡತಿ ಥೈರಾಯ್ಡ್ ವರದಿಗೆಂದು ಆಸ್ಪತ್ರೆಗೆ ಬಂದು ಒಂದು ಗಂಟೆ ಕಾದು ಹೋದರು. ಸಂಜೆ ಬಟ್ಟೆ ಮಡಚುತ್ತಾ ಗಂಡನಿಗೆ ವಿಷಯ ಹೇಳಿದರು. ಯಾರೋ ಒಬ್ಬ ದಪ್ಪ ಮನುಷ್ಯ ಕೌಂಟರಿನ ಹುಡುಗಿಯ ಮೇಲೆ ಕಾಗದ ಎಸೆದನಂತೆ. ಅವಳು ಅದನ್ನು ನೆಲದಿಂದ ಎತ್ತಿಕೊಂಡು, ತಪ್ಪು ನಮ್ಮದೇ, ಕ್ಷಮಿಸಿ ಎಂದಳಂತೆ.

"ಏನು ತಪ್ಪು ಮಾಡಿದ್ದಾಳ್ರೀ ಪಾಪ ಅವಳು?" ಎಂದು ಹೆಂಡತಿ ಕೇಳಿದರು.

ಸ್ವೆಟರ್ ಸಾರ್ ಎದ್ದು ಹೋಗಿ ಸುಮ್ಮನೆ ಕೈ ತೊಳೆದುಕೊಂಡರು.

ಹೊರಗಿನವರು ಪ್ರೋಗ್ರಾಮನ್ನು ಹುಡುಕಿ ಜಾಲಾಡಿ, ಇದರಲ್ಲಿ ದೋಷವಿಲ್ಲ ಎಂದು ಬರೆದುಕೊಟ್ಟರು. ಅದು ಬಂದ ಮರುದಿನ, ಒಂದು ಶುಕ್ರವಾರ ನಸುಕಿಗೇ ಬಂದು, ಸ್ವೆಟರ್ ಸಾರ್ ಅದೇ ದೊಡ್ಡ ಯಂತ್ರದಲ್ಲಿ ಹೊಸ ಖಾಲಿ ಮಷೀನ್ ಒಂದನ್ನು ಮಾಡಿ, ಅದಕ್ಕೊಂದು ಸರಳ ಲೆಕ್ಕ ಕೊಟ್ಟರು. ಅದೇ ಲೆಕ್ಕವನ್ನು ತಮ್ಮ ಮೇಜಿನ ಮೇಲಿದ್ದ ಹಳೇ ಕಂಪ್ಯೂಟರಿಗೂ ಕೊಟ್ಟರು. ಹಳೆಯದು ಆರು ಸೆಕೆಂಡಿನಲ್ಲಿ ಮುಗಿಸಿತು. ಹೊಸದು ಒಂದು ನಿಮಿಷ ದಾಟಿದರೂ ಒದ್ದಾಡುತ್ತಿತ್ತು. ನಿಜ ಹೇಳಬೇಕೆಂದರೆ ಆ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಉತ್ತರ ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಬೆಳಗಿನ ಜನ ಬರುವ ಮೊದಲೇ ಯಂತ್ರ ನಿಲ್ಲಿಸಿ, ಸೌಲಭ್ಯ ಆನ್ ಮಾಡಿ, ಬದಲಾಯಿಸಿದ್ದ ಪದವನ್ನು ಮೊದಲಿನಂತೆ ಮಾಡಿದರು. ಪ್ರೊಸೆಸರುಗಳನ್ನು ಎರಡಕ್ಕೆ ಇಳಿಸಿದರು. ವರದಿ ನಾಲ್ಕು ನಿಮಿಷಕ್ಕೆ ಬಂತು. ಪುಸ್ತಕವನ್ನು ಈ ಸಲವೂ ತೆರೆಯಲಿಲ್ಲ.

ಹತ್ತು ಗಂಟೆಗೆಲ್ಲ ಸೂಪರಿಂಟೆಂಡೆಂಟರು ನೆಲಮಾಳಿಗೆಗೇ ಇಳಿದು ಬಂದು ಬೆನ್ನು ತಟ್ಟಿದರು. ಹೊರಗಿನವರ ಕೈಲಾಗದ್ದನ್ನು ನಮ್ಮ ಸ್ವೆಟರ್ ಸಾರ್ ಮಾಡಿದರು ಎಂದು ಕಾರಿಡಾರಿನಲ್ಲೆಲ್ಲ ಹೇಳಿಕೊಂಡು ಹೋದರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಸ್ವೆಟರ್ ಸಾರ್‌ಗೆ. ಆದರೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಪ್ರೋಗ್ರಾಂ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲೊಂದು ಚಿಕ್ಕ ನೋಟ್‌ಬುಕ್ಕು, ಪೆನ್ನು.

"ಸಾರ್, ಏನು ಸರಿ ಮಾಡಿದ್ರಿ ಅಂತ ಹೇಳ್ತೀರಾ?" ಎಂದಳು. "ನಾನು ಎಲ್ಲಿ ತಪ್ಪಿದ್ದೆ ಅಂತ ಗೊತ್ತಾಗತ್ತೆ. ಹೊರಗಿನವರಿಗೂ ಸಿಗಲಿಲ್ಲ, ಎಷ್ಟು ಹುಡುಕಿದ್ರೂ ನನಗೂ ಸಿಗಲಿಲ್ಲ."

ಎರಡು ತಿಂಗಳಿಂದ ಅವಳು ಮನೆಯಲ್ಲೂ ಕೂತು ಇಲ್ಲದ ತಪ್ಪನ್ನು ಹುಡುಕುತ್ತಿದ್ದಳು. ಸ್ವೆಟರ್ ಸಾರ್‌ಗೆ ಕುರ್ಚಿ ತೋರಿಸುವ ಧೈರ್ಯವೂ ಆಗಲಿಲ್ಲ. ಆ ತಣ್ಣನೆಯ ಕೋಣೆಯಲ್ಲೂ ಬೆವರಿದರು. ಪುಸ್ತಕವನ್ನು ಎಳೆದುಕೊಂಡು, ಹುಡುಗಿ ಹೊಸ ಪ್ರೋಗ್ರಾಂ ಹಾಕಿದ ಆ ಹಳೆಯ ಸೋಮವಾರದ ಸಾಲಿನ ಕೆಳಗೆ ಉಳಿದಿದ್ದ ಇಕ್ಕಟ್ಟಿನ ಜಾಗದಲ್ಲಿ, ಆ ಬುಧವಾರದ ತಾರೀಖು ಹಾಕಿ, ಬ್ಯಾಟರಿಯಿಂದ ಹಿಡಿದು ಆ ಒಂದು ಪದದ ತನಕ ಎಲ್ಲವನ್ನೂ ಬರೆದರು. ಮಾಡಿದವರು ಎಂಬಲ್ಲಿ ಸಹಿ ಹಾಕಿ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.

ಅವಳು ಎರಡು ಸಲ ಓದಿದಳು. ತುಟಿ ಬಿಳಿಚಿತು.

"ಇದನ್ನ ಬರೆದಿದ್ದು ಇವತ್ತಲ್ವಾ ಸಾರ್?" ಎಂದು ಕೇಳಿದಳು. "ಹಾಗಾದ್ರೆ ಇವತ್ತಿನ ತಾರೀಖು ಹಾಕಿ."

ತಪ್ಪೊಪ್ಪಿಕೊಳ್ಳುವಾಗಲೂ ತಾವು ಕಳ್ಳತನದಿಂದ ಹಿಂದಿನ ತಾರೀಖಿನಲ್ಲಿ ನುಸುಳಿದ್ದು ಅವರಿಗೆ ಆಗ ಹೊಳೆಯಿತು. ಆ ಸಾಲನ್ನು ಹೊಡೆದುಹಾಕಿ, ಹೊಸ ಪುಟದಲ್ಲಿ ಶುಕ್ರವಾರದ ತಾರೀಖು ಹಾಕಿ ಮತ್ತೆ ಬರೆದರು. ಮೀಟಿಂಗಿನಲ್ಲಿ ಆಡಿದ ಮಾತನ್ನೂ ಸೇರಿಸಿದರು. ನೋಡಿದವರು ಎಂಬ ಅಂಕಣ ತೋರಿಸಿದರು. ಅವಳು ಪೆನ್ನು ಮುಟ್ಟಲಿಲ್ಲ.

"ಸೋಮವಾರ ಎಲ್ಲರ ಮುಂದೆ ಓದಿ ಸಾರ್. ಅದನ್ನ ನೋಡಿದ ಮೇಲೆ ಹಾಕ್ತೀನಿ."

ಸೋಮವಾರ ಮೀಟಿಂಗಿನ ಅದೇ ಕೋಣೆ, ಅದೇ ಏಳು ಜನ. ಸ್ವೆಟರ್ ಸಾರ್ ಎದ್ದು ನಿಂತು ಓದಿದರು. ಹನ್ನೆರಡು ಸಾಲು ಓದಲು ಮೂರು ಸಲ ನೀರು ಕುಡಿದರು. ಮುಗಿದಾಗ ಯಾರೂ ಅವರ ಮುಖ ನೋಡಲಿಲ್ಲ. ಕೌಂಟರಿನ ಮಾತಾಡಿ ನಕ್ಕಿದ್ದವನು ಮೇಜಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತಿದ್ದ. ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಂಡು, ಹೋಗಲಿ ಬಿಡಿ, ಈಗ ಸರಿಹೋಗಿದೆಯಲ್ಲ, ಇವಳು ಇವತ್ತೇ ತನ್ನ ಜಾಗಕ್ಕೆ ಮರಳಲಿ ಎಂದರು. ಅಷ್ಟು ಸುಲಭವಾಗಿ ಬಿಟ್ಟದ್ದು ಸ್ವೆಟರ್ ಸಾರ್‌ಗೆ ಬೈಗುಳಕ್ಕಿಂತ ಹೆಚ್ಚು ನೋವು ತಂದಿತು.

ಹುಡುಗಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಕೊನೆಯ ಅಂಕಣದಲ್ಲಿ ಸಹಿ ಹಾಕಿದಳು. ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಬರೆದು, ಪುಸ್ತಕ ಮುಚ್ಚಿ, ಅವರ ಕೈಗೆ ಕೊಟ್ಟು ಹೊರಟಳು. ಸ್ವೆಟರ್ ಸಾರ್ ನೆಲಮಾಳಿಗೆಗೆ ಇಳಿದು, ಬಾಗಿಲು ಹಾಕಿಕೊಂಡು, ಪುಟ ತೆರೆದರು. "ಕೌಂಟರಿನಲ್ಲಿ ಅರವತ್ತೆರಡು ದಿನ" ಎಂದಿತ್ತು. ತಾವು ಬರೆದ ಹನ್ನೆರಡು ಸಾಲಿನಲ್ಲಿ ಬ್ಯಾಟರಿ ಇತ್ತು, ಪ್ರೊಸೆಸರ್ ಇತ್ತು, ಆ ಒಂದು ಪದ ಇತ್ತು. ಈ ಲೆಕ್ಕವನ್ನು ಅವರು ಬರೆದಿರಲಿಲ್ಲ.