ಮುಂಗಡ ಸಾಕ್ಷಿ

ನಮ್ಮ ಎಸ್ತರ್ ಚಿಕ್ಕಮ್ಮನ ಶುಗರ್ ವಾಸಿಯಾದ ಸುದ್ದಿ ನನಗೆ ಗೊತ್ತಾದದ್ದು ಮೈಕಿನಲ್ಲಿ.

ಡಾಕ್ಟರ್ ಹೇಳಲಿಲ್ಲ. ಲ್ಯಾಬಿನವರೂ ಹೇಳಲಿಲ್ಲ. ರಾಬರ್ಟ್‌ಸನ್‌ಪೇಟೆಯ ಸಭೆಯಲ್ಲಿ, ಭಾನುವಾರದ ಆರಾಧನೆಯ ನಡುವೆ, ಚಿಕ್ಕಮ್ಮನೇ ಎದ್ದುಹೋಗಿ ಘೋಷಿಸಿದಳು. (ಸಭೆ ಅಂದರೆ ನಮ್ಮ ಚರ್ಚು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ.) ‘ನೀನು ಬರ್ಲೇಬೇಕು ಕಣ್ಣು’ ಅಂತ ಹಿಂದಿನ ದಿನ ಫೋನ್ ಮಾಡಿ ಕರೆದಿದ್ದಳು. ಬಂಗಾರಪೇಟೆಯಿಂದ ಬಸ್ಸು ಹಿಡಿದು ಹೋಗಿ ಕೂತಿದ್ದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಪಾಸ್ಟರ್ ಪ್ರಸಂಗ ಮಾಡುವ ಮುಂಚೆ ಸಾಕ್ಷಿ ಹೇಳುವ ಹೊತ್ತು ಅಂತ ಇದೆ. ದೇವರಿಂದ (ನಮ್ಮವರ ಬಾಯಲ್ಲಿ ‘ಕರ್ತರು’) ಒಳ್ಳೆಯದಾದವರು ಮೈಕ್ ಹಿಡಿದು ಅದನ್ನು ಎಲ್ಲರಿಗೂ ಹೇಳಬಹುದು. ಒಬ್ಬರಿಗೆ ಮಗಳ ಮದುವೆ ಗೊತ್ತಾಗಿರುತ್ತದೆ, ಇನ್ನೊಬ್ಬರಿಗೆ ಆಟೋದಲ್ಲಿ ಬಿಟ್ಟ ಮೊಬೈಲ್ ಸಿಕ್ಕಿರುತ್ತದೆ. ಮುಗಿಸಿದ ಕೂಡಲೇ ಎಲ್ಲರೂ ‘ಸ್ತೋತ್ರ!’ ಎನ್ನುತ್ತಾರೆ, ಕೀಬೋರ್ಡಿನವರು ಒಂದು ಸಲ ಜೋರಾಗಿ ಬಾರಿಸುತ್ತಾರೆ. ಒಳ್ಳೆಯ ಪದ್ಧತಿ. ನನಗೂ ಇಷ್ಟವೇ.

ಚಿಕ್ಕಮ್ಮನ ಸಾಕ್ಷಿಗಂತೂ ಮಹಡಿ ಅದುರಿತು.

ಇಳಿಯುವಾಗ ಮೆಟ್ಟಿಲಿನಲ್ಲಿ ಕೇಳಿದೆ, “ಯಾವಾಗ ಟೆಸ್ಟ್ ಮಾಡಿಸಿದೆ?”

“ಮಾಡ್ಸಿಲ್ಲ.”

“ಮತ್ತೆ ವಾಸಿಯಾಗಿದೆ ಅಂತ ಯಾರು ಹೇಳಿದ್ದು?”

“ನಂಬಿಕೆ ಇದ್ರೆ ಮುಂಚೇನೇ ಸಾಕ್ಷಿ ಏಳ್ಬೇಕು. ಆಮೇಲೆ ಕರ್ತರು ಮಾಡ್ತಾರೆ.”

ಅಂದರೆ ಮುಂಗಡ ಸಾಕ್ಷಿ! ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಏಕೆಂದರೆ ಚಿಕ್ಕಮ್ಮ ಅದೇ ದಿನದಿಂದ ಮಾತ್ರೆ ನಿಲ್ಲಿಸಿದ್ದಳು, ನನಗೆ ಅದು ಗೊತ್ತಾಗಲು ಎರಡು ವಾರ ಬೇಕಾಯಿತು.

ಗೊತ್ತಾದದ್ದು ಅವಳ ಕಾಲಿನಿಂದ. ಚಪ್ಪಲಿ ಉಜ್ಜಿ ಹೆಬ್ಬೆರಳಿನ ಪಕ್ಕ ಸಣ್ಣ ಗಾಯ. ಎರಡು ವಾರವಾದರೂ ಒಣಗಿರಲಿಲ್ಲ, ಸುತ್ತ ಕಪ್ಪಗಾಗಿತ್ತು. ಅವಳು ಅದಕ್ಕೆ ಅರಿಶಿನ ಮೆತ್ತಿಕೊಂಡು ಕೂತಿದ್ದಳು. (ಮಾತ್ರೆ ಬೇಡ, ಅರಿಶಿನ ಆಗಬಹುದಂತೆ. ಕೇಳಬೇಡಿ, ನಾನೂ ಕೇಳಿ ಸೋತಿದ್ದೇನೆ.)

“ಮಾತ್ರೆ ನುಂಗಿದ್ರೆ ನಾನು ಮೈಕಲ್ಲಿ ಏಳಿದ್ದು ಸುಳ್ಳಾಗಲ್ವಾ? ನಾನು ಸುಳ್ಳಾದ್ರೆ ಓಗ್ಲಿ ಬಿಡು. ಕರ್ತರು ಸುಳ್ಳಾಗ್ಬಾರ್ದು” ಅಂದಳು.

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಸಿಟ್ಟು ಮಾತ್ರ ಬಂತು. ಮಾತ್ರೆ ತಂದುಕೊಡುತ್ತೇನೆ ಅಂದರೆ ಅದೂ ಬೇಡ. ಅಲ್ಲಿನ ಮೆಡಿಕಲ್ ಶಾಪಿನವರು ನಮ್ಮ ಸಭೆಯಲ್ಲೇ ಮುಂದಿನ ಸಾಲಿನಲ್ಲಿ ಕೂರುವವರು, ಅವರಿಗೆ ಗೊತ್ತಾಗಿಬಿಡುತ್ತದಂತೆ. ಬಂಗಾರಪೇಟೆಯಿಂದ ತಂದು ಕೊಟ್ಟೆ. ಆ ಪೊಟ್ಟಣ ಸತ್ಯವೇದದ (ಬೈಬಲಿನ) ಪಕ್ಕದಲ್ಲೇ ಒಂದು ವಾರ ಹಾಗೇ ಬಿದ್ದಿತ್ತು.

“ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ತೀಯಲ್ಲ, ದೇವರು ಕೊಟ್ಟ ಅನ್ನ ಅಂತ. ಅಷ್ಟು ನಂಬಿಕೆ ಇದ್ದರೆ ಒಲೆ ಯಾಕೆ ಹಚ್ತೀಯ?” ಅಂದೆ.

“ನಿಂಗೆ ಬಿಪಿ ಮಾತ್ರೆ ಮೇಲಿರೋ ನಂಬಿಕೆ ಕರ್ತರ ಮೇಲಿಲ್ಲ. ಕೊನೇಗೆ ಮೊಣಕಾಲೂರಿದ್ದು ಯಾವಾಗ್ಲೇ?”

ಮಾತು ಚುಚ್ಚಿತು, ನಿಜವೇ ಆಗಿತ್ತು. ನಾನು ಹುಟ್ಟಾ ಕ್ರಿಶ್ಚಿಯನ್. ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಹೇಳಿ ಬಹುಮಾನ ಗೆದ್ದವಳು. ಈಗ ದಿನಾ ಬೆಳಿಗ್ಗೆ ತಪ್ಪದೇ ಮಾತ್ರೆ ನುಂಗುತ್ತೇನೆ, ಪ್ರಾರ್ಥನೆ ತಪ್ಪುತ್ತದೆ. ಅವಳು ಪ್ರಾರ್ಥನೆ ತಪ್ಪಿಸುವುದಿಲ್ಲ, ಮಾತ್ರೆ ನುಂಗುವುದಿಲ್ಲ. ನಮ್ಮಿಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬಳು ಸರಿಯಾದ ಕ್ರೈಸ್ತಳಾಗಬಹುದೇನೋ!

ಪಾಸ್ಟರ್ ಹತ್ತಿರ ಹೋದೆ. ಜಗಳಕ್ಕೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

“ಮಾತ್ರೆ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ ಸಿಸ್ಟರ್.”

“ತಗೊಳ್ಳಿ ಅಂತ ಹೇಳಿದ್ದೀರಾ?”

“ಅದು ಅವರವರ ನಂಬಿಕೆ. ನಾನು ಹೇಗೆ ಅಡ್ಡ ಬರ್ಲಿ?”

ಹೀಗೆ ಹೇಳುವಾಗ ಅವರು ದಪ್ಪ ಗಾಜಿನ ಕನ್ನಡಕವನ್ನು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ನಾನು ಆ ಕನ್ನಡಕವನ್ನೇ ನೋಡುತ್ತಾ ನಿಂತೆ. ಅವರಿಗೆ ಅರ್ಥವಾಗಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು, ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು.

ಕೊನೆಗೆ ಪ್ರಾರ್ಥನೆಯೂ ಬೇಡ, ವಾದವೂ ಬೇಡ ಅಂತ ಆಟೋ ತಂದು ಮನೆ ಬಾಗಿಲಲ್ಲಿ ನಿಲ್ಲಿಸಿ, ಹೆಚ್ಚುಕಮ್ಮಿ ಎತ್ತಿಹಾಕಿಕೊಂಡೇ ಬಂಗಾರಪೇಟೆಗೆ ಕರೆತಂದೆ. ಡಾಕ್ಟರ್ ಕಾಲು ನೋಡಿ ನನಗೇ ಬೈದರು. “ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ತೆಗೀಬೇಕಿತ್ತು. ಓದಿದವರು ನೀವು!” ಶುಗರ್ ಎಷ್ಟಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ವಾಸಿಯಂತೂ ಆಗಿರಲಿಲ್ಲ.

ಚಿಕ್ಕಮ್ಮ ಬೆಂಚಿನ ಮೇಲೆ ಕೂತು ಅತ್ತಳು. ಬೆರಳಿಗಾಗಿ ಅಂದುಕೊಂಡೆ.

“ಇನ್ನು ಸಬೆಗೆ ಎಂಗೆ ಮುಖ ತೋರ್ಸ್ಲೇ?” ಅಂದಳು.

ನಾನು ಬುದ್ಧಿವಂತೆ ನೋಡಿ, ಉಪಾಯ ಹೇಳಿದೆ: “ಯಾರಿಗೂ ಹೇಳ್ಬೇಡ. ಕದವಿಕ್ಕಿಕೊಂಡು ಮಾತ್ರೆ ನುಂಗು. ಡಾಕ್ಟರ್ ಬರೆದ ಇಂಜೆಕ್ಷನ್ ನಾನೇ ಬಂದು ಹಾಕ್ತೀನಿ. ಗಾಯ ಯಾಕೆ ಅಂದ್ರೆ ಕಲ್ಲು ತಾಗಿತು ಅನ್ನು.”

ಅವಳು ಕಣ್ಣು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು. ಚಿಕ್ಕಂದಿನಲ್ಲಿ ನಾನು ಕೇಕ್ ಕದ್ದಾಗ ನೋಡಿದ್ದು ಹಾಗೆಯೇ.

“ಕದ್ದು ನುಂಗಾದಾ? ಕರ್ತರ ಎಸ್ರಲ್ಲಿ ಏಳಿದ್ ಸುಳ್ಳು ಅಲ್ಲೇ ಇರ್ಲಿ ಅಂತೀಯಾ?”

ಮುಂದಿನ ಭಾನುವಾರ ಬ್ಯಾಂಡೇಜ್ ಕಾಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ತೋಳು ಹಿಡಿದುಕೊಂಡಿದ್ದೆ. ಸಾಕ್ಷಿಯ ಹೊತ್ತು ಬಂತು. ಅವಳು ಮೈಕ್ ಕೇಳಿದಳು. ಮತ್ತೊಂದು ಅದ್ಭುತ ಅಂತ ಕೀಬೋರ್ಡಿನವರು ಬೆರಳು ಸಿದ್ಧಮಾಡಿಕೊಂಡರು.

“ಓದ್ ತಿಂಗ್ಳು ಇಲ್ಲೇ ನಿಂತು ಶುಗರ್ ಓಯ್ತು ಅಂದಿದ್ದೆ. ಓಗಿಲ್ಲ. ಟೆಸ್ಟ್ ಮಾಡಿಸ್ದೇನೇ ಏಳ್ಬಿಟ್ಟಿದ್ದೆ. ಕರ್ತರು ಸುಳ್ಳಾಡಿಲ್ಲ, ನಾನಾಡ್ದೆ. ನೀವೆಲ್ಲಾ ಸ್ತೋತ್ರ ಅಂದ್ರಿ ಅಂತ ಇನ್ನೂ ಎದೆ ಉಬ್ಬಿತ್ತು. ಈಗ ಬಂಗಾರಪೇಟೆ ಡಾಕ್ಟರ್ ಕೊಟ್ಟ ಮಾತ್ರೆ ಪ್ರಾರ್ಥನೆ ಮಾಡಿ ತಗೋತಿದೀನಿ. ನನ್ ಮಾತು ಕೇಳಿ ಯಾರಾದ್ರೂ ಬಿಟ್ಟಿದ್ರೆ, ಕೈ ಮುಗೀತೀನಿ, ಇವತ್ತೇ ತಗೊಳ್ಳಿ.”

ಅಷ್ಟೇ. ಮೈಕ್ ಕೊಟ್ಟಳು.

ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಕೀಬೋರ್ಡಿನವರು ಕೈ ಮಡಿಲಲ್ಲಿಟ್ಟುಕೊಂಡರು. ಪಾಸ್ಟರ್ ಗಂಟಲು ಸರಿಮಾಡಿಕೊಂಡು ಮುಂದಿನ ಹಾಡಿನ ನಂಬರ್ ಹೇಳಿದರು. ಚಿಕ್ಕಮ್ಮ ಕುಂಟುತ್ತಾ ಬಂದು ನನ್ನ ಪಕ್ಕ ಕೂತಳು. ಅವಳ ಮುಖ ಹಗುರಾಗಿತ್ತು. ಪ್ರಾರ್ಥನೆ ಮುಗಿಸಿ ಇಳಿಯುವಾಗ ನಮ್ಮ ಹಿಂದಿನ ಸಾಲಿನ ಒಬ್ಬ ಹೆಂಗಸು ಮೆಟ್ಟಿಲಿನಲ್ಲಿ ತಡೆದು, ಯಾರಿಗೂ ಕೇಳಿಸದ ಹಾಗೆ, “ಆ ಬಂಗಾರಪೇಟೆ ಡಾಕ್ಟರ್ ಎಷ್ಟೊತ್ತಿಗೆ ಸಿಗ್ತಾರಕ್ಕ?” ಅಂದಳು. ಅವಳೂ ಬಿಟ್ಟಿದ್ದಳು.

ನನಗೆ ಈಗಲೂ ಸಿಟ್ಟಿದೆ. ಪಾಸ್ಟರ್ ಮೇಲೆ, ಕೀಬೋರ್ಡಿನವರ ಮೇಲೆ, ಮುಂದಿನ ಸಾಲಿನ ಮೆಡಿಕಲ್ ಶಾಪಿನವರ ಮೇಲೆ. ಎಲ್ಲರಿಗಿಂತ ಹೆಚ್ಚಾಗಿ, ಎರಡು ವಾರದಿಂದ ಅವಳಿಗೆ ನಂಬಿಕೆಯ ಪಾಠ ಹೇಳಿ, ಆ ಹೊತ್ತಿನಲ್ಲಿ ಅಕ್ಕಪಕ್ಕ ನೋಡಿ ತಲೆ ತಗ್ಗಿಸಿ ಕೂತ ನನ್ನ ಮೇಲೆ.

ಸುಳ್ಳಿಗೆ ಮಹಡಿ ಅದುರುವಂತೆ ಸ್ತೋತ್ರ ಕೂಗಿದವರಿಗೆ, ನಿಜಕ್ಕೆ ಒಂದು ಆಮೆನ್ ಹೇಳಲು ಏನಾಗಿತ್ತು?