ಕಡೆಯ ಪಂಕ್ತಿಗೆ ಉಳಿದ ಮಟನ್

ಹುನಗುಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರ್. ರಕ್ತ ಕಡಿಮೆ ಇರುವ ಹೆಂಗಸರಿಗೆ ಏನು ತಿನ್ನಬೇಕೆಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಸೊಪ್ಪು, ಕಾಳು, ತಿನ್ನುವ ಮನೆಯವರಾದರೆ ಮಟನ್. ಮಟನ್ನಿನ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ, ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಉಂಡ ಕೂಡಲೇ ಚಹಾ ಕುಡಿಯಬೇಡಿ. ಅವರು ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ಈಗ ನನಗೆ ಸಿಟ್ಟು ಕೂಡ ಬರುವುದಿಲ್ಲ.

ಹೋದ ವರ್ಷ ಆ ಮಾತು ನನ್ನ ಮನೆಗೇ ಬಂತು. ಐದು ತಿಂಗಳ ಕೂಸಿನೊಂದಿಗೆ ತವರಿನಿಂದ ಬಂದ ಸೊಸೆ ಒಲೆಯ ಮುಂದೆ ತಲೆ ತಿರುಗಿ ಕುಸಿದಳು. ಇಳಕಲ್ಲಿನ ದವಾಖಾನೆಯಲ್ಲಿ ರಕ್ತ ನೋಡಿದ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, "ಮಟನ್ ತಿಂತೀರೇನ್ರಿ? ಹಾಲು ಕುಡಸೋ ತಾಯಿ, ವಾರಕ್ಕೊಮ್ಮೆ ಲಿವರ್ ಕೊಡ್ರಿ" ಎಂದರು. ನನಗೇ ಪಾಠವೇ ಎಂದು ಒಳಗೊಳಗೇ ನಕ್ಕೆ. ನಮ್ಮದು ಕುರಿ ಸಾಕಿಕೊಂಡು ಬಂದ ಮನೆತನ.

ಅಲ್ಲಿಂದ ಪ್ರತಿ ಭಾನುವಾರ ನನ್ನ ಯಜಮಾನರು ಕಮತಗಿಯಿಂದ ಮಟನ್ ತಂದರು. ಲಿವರ್, ಅಂದರೆ ನಮ್ಮ ಕಲೇಜಿ, ಬೇರೆಯಾಗಿ ಕಟ್ಟಿಸಿಕೊಂಡು ಬರುತ್ತಿದ್ದರು. ಇದ್ದೊಂದು ರಜೆಯನ್ನೂ ನಾನು ಒಲೆಗೇ ಕೊಟ್ಟೆ. ಮಸಾಲೆ ಅರೆದು, ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಗುಳಿಗೆ ಸೊಸೆಯ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಈ ಊಟದ ಮೇಲೇ ಭರವಸೆ ಇಟ್ಟಿದ್ದೆ.

ಎರಡು ತಿಂಗಳಾದ ಮೇಲೆ ನೋಡಿದರೆ ರಕ್ತ ಏರಿರಲಿಲ್ಲ, ಇನ್ನಷ್ಟು ಇಳಿದಿತ್ತು. ಡಾಕ್ಟರಮ್ಮ ಗುಳಿಗೆ ಬದಲಿಸುತ್ತಾ, "ಲಿವರ್ ತಿಂತಿಯೇನವ್ವಾ?" ಎಂದರು. ಸೊಸೆ ನನ್ನ ಮುಖ ನೋಡಿ, "ತಿಂತೇನ್ರಿ, ವಾರಾ ವಾರಾ" ಎಂದಳು.

ಬಸ್ಸಿನಲ್ಲಿ ಕೇಳಿದೆ, "ಖರೆ ಹೇಳು, ತಿಂದಿಯಿಲ್ಲೋ?"

"ಸಾರು ಉಂಡೇನಲ್ರಿ ಅತ್ತಿ. ನಮ್ಮ ಪಾಳಿಗೆ ಖಂಡ ಎಲ್ಲಿ ಉಳೀತೈತ್ರಿ?"

ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗಿದೆ. ನಮ್ಮಲ್ಲಿ ಕಲೇಜಿ ಮೊದಲು ಮಟನ್ ತಂದವನಿಗೆ, ಆಮೇಲೆ ಉಳಿದ ಗಂಡಸರಿಗೆ, ಬೀಗರು ಬಂದಿದ್ದರೆ ಅವರಿಗೆ. ಹೆಂಗಸರದು ಕಡೆಯ ಪಂಕ್ತಿ, ಬೋಗುಣಿಯ ತಳದ ಸಾರು ಮತ್ತು ಎಲುಬು. ನನ್ನ ತವರಿನಲ್ಲೂ ಹೀಗೆಯೇ ಇತ್ತು. ಸೊಸೆಗೆಂದೇ ತರಿಸಿದ ಕಲೇಜಿಯನ್ನು ಎಂಟು ಭಾನುವಾರ ಗಂಡನಿಗೂ ಮಗನಿಗೂ ಬಡಿಸಿದ್ದು ನಾನೇ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಮೂವತ್ತು ವರ್ಷ ಬಡಿಸಿದ ಕೈ ತಾನಾಗಿಯೇ ಆ ಕಡೆ ಹೋಗಿತ್ತು.

ಮುಂದಿನ ಭಾನುವಾರ ಗಂಡಸರಿಗಿಂತ ಮೊದಲು ಸೊಸೆಯನ್ನು ಕೂರಿಸಿ, ಕಲೇಜಿಯನ್ನೆಲ್ಲ ಅವಳ ತಾಟಿಗೆ ಹಾಕಿ ನಿಂಬೆಹಣ್ಣು ಹಿಂಡಿದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು.

"ನಮಗ?"

"ಸಾರು ಐತ್ರಿ. ಆಮ್ಯಾಲ ಬರ್ರಿ."

ಅವರು ಕಟ್ಟೆಗೆ ಹೋಗಿ ಕೂತರು. ಸೊಸೆಯ ಕೈ ಮಾತ್ರ ತಾಟಿನಿಂದ ಮೇಲೇಳಲಿಲ್ಲ.

"ತಿನ್ನು ಯವ್ವಾ, ಕೂಸಿಗೆ ನಿನ್ನ ಹಾಲೇ ಗತಿ" ಎಂದೆ.

ಅವಳು ಅರ್ಧ ಕಲೇಜಿಯನ್ನು ತಾಟಿನ ಅಂಚಿಗೆ ಸರಿಸಿದಳು. "ನೀವೂ ಕೂಡ್ರಿ ಅತ್ತಿ. ನಿಮಗೂ ತಲಿ ತಿರಗ್ತೈತಿ. ಗ್ವಾಡಿ ಹಿಡಕೊಂಡು ನಿಂತಿದ್ದು ನಾ ನೋಡೇನಿ."

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳ ಪಕ್ಕ ಕೂತು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಕಲೇಜಿ ಇಷ್ಟು ಮೆತ್ತಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.