ಕಿವಿ ಹಿಡಿದು ನೋಡುತ್ತಿದ್ದ ಡಾಕ್ಟರು

ಚೌಗುಲೆ ಡಾಕ್ಟರು ಯಾರ ಕೊಟ್ಟಿಗೆಗೆ ಬಂದರೂ ಮೊದಲು ಕಿವಿ ಹಿಡಿಯುತ್ತಿದ್ದರು. ಶಾಲೆಯ ಮಾಸ್ತರರು ಹಿಂಡುವ ಹಾಗೆ ತುದಿಯನ್ನಲ್ಲ. ಬುಡವನ್ನು, ಮೆತ್ತಗೆ, ಬೆರಳುಗಳ ನಡುವೆ. ಎಮ್ಮೆಯ ಕಿವಿ, ಆಕಳ ಕಿವಿ, ಆಡಿನ ಕಿವಿ, ಪಕ್ಕದಲ್ಲಿ ನಿಂತಿದ್ದರೆ ನನ್ನ ಕಿವಿ. ಹಿಡಿದು ಕಣ್ಣು ಮುಚ್ಚಿ, ರೇಡಿಯೋದಲ್ಲಿ ಸ್ಟೇಷನ್ ಹುಡುಕುವವರ ಮುಖ ಮಾಡಿಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದರು. ಆಮೇಲೆ ನಮ್ಮಪ್ಪನ ಕಡೆ ತಿರುಗಿ, "ಬೆಚ್ಚಗ ಅದಾವು. ಈಕಿ ಆರಾಮ ಅದಾಳ್ರಿ," ಎಂದು ವರದಿ ಒಪ್ಪಿಸುತ್ತಿದ್ದರು. ಆ 'ಈಕಿ' ಎಮ್ಮೆಯೋ ನಾನೋ ಎಂದು ಅಪ್ಪ ಯಾವತ್ತೂ ಕೇಳಲಿಲ್ಲ.

ನಮ್ಮದು ಮಿರಜದ ಹತ್ತಿರದ ಖಂಡೇರಾಜುರಿ. ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮರಾಠಿ. ಆಗ ನಮ್ಮ ಕಡೆ ಎಲ್ಲದಕ್ಕೂ ಒಂದೊಂದು ಸೊಸೈಟಿ ಇತ್ತು. ಕಬ್ಬಿಗೊಂದು, ಗೊಬ್ಬರಕ್ಕೊಂದು, ಹಾಲಿಗೊಂದು. ಹಾಲಿನ ಸಂಘದವರು ಊರೂರಿನ ಎಮ್ಮೆಗಳನ್ನು ನೋಡಿಕೊಳ್ಳಲು ನೇಮಿಸಿಕೊಂಡಿದ್ದವರೇ ಈ ಚೌಗುಲೆ ಡಾಕ್ಟರು. ಅವರು ಹುಟ್ಟಿದ್ದು ಅಥಣಿ ಕಡೆ, ಮನೆ ಮಾಡಿದ್ದು ಸಾಂಗ್ಲಿಯ ಹತ್ತಿರದ ಮಾಧವನಗರದಲ್ಲಿ, ಹಗಲೆಲ್ಲ ಇರುತ್ತಿದ್ದದ್ದು ಮಾತ್ರ ಸಂಘದ ಮೋಟಾರ್‌ಸೈಕಲ್ಲಿನ ಮೇಲೆ. ಅದರ ಸದ್ದು ಊರ ಹೊರಗಿನ ಹಳ್ಳದಲ್ಲಿ ಕೇಳಿದರೆ ಸಾಕು, ನಾನು ಕೈಯಲ್ಲಿದ್ದ ಪುಸ್ತಕ ಅಲ್ಲೇ ಎಸೆದು ಓಡುತ್ತಿದ್ದೆ.

ಮನುಷ್ಯರ ಜೊತೆ ಮರಾಠಿ ಮಾತಾಡಿದರೂ ದನಗಳ ಜೊತೆ ಅವರದು ಖಡಾಖಂಡಿತ ಕನ್ನಡ. ಅಪ್ಪಟ ಮರಾಠಿ ಮನೆಯ ಎಮ್ಮೆಗೂ "ಸರಿ ಯವ್ವಾ, ಕಾಲ ಸರಸ" ಎಂದೇ ಹೇಳುತ್ತಿದ್ದರು, ಅದೂ ಸರಿಸುತ್ತಿತ್ತು. ನಮ್ಮೆಮ್ಮೆಗೆ ಕನ್ನಡ ತಿಳಿಯುವುದಿಲ್ಲ ಡಾಕ್ಟರೇ ಎಂದು ಯಾರೋ ಚೇಷ್ಟೆ ಮಾಡಿದಾಗ, ಅದು ಸ್ವತಃ ಬಂದು ದೂರು ಕೊಡಲಿ, ಆಮೇಲೆ ನೋಡೋಣ ಅಂದಿದ್ದರಂತೆ. ದನದ ಮಾತನ್ನು ಅವರು ಮಾಲೀಕರ ಮಾತಿಗಿಂತ ಹೆಚ್ಚು ನಂಬುತ್ತಿದ್ದರು. "ನಮ್ಮ ಪೇಶಂಟ್ ಸುಳ್ಳ ಹೇಳೂದಿಲ್ಲ ಸುಮಿ. ಸುಳ್ಳ ಹೇಳಾವ ಹಗ್ಗದ ಇನ್ನೊಂದ ತುದಿಗಿರ್ತಾನ," ಎಂದು ನನಗೆ ಹೇಳುತ್ತಿದ್ದರು. ಒಮ್ಮೆ ನಮ್ಮ ಪಕ್ಕದ ಮನೆಯವನು ತನ್ನ ಆಕಳಿಗೆ ಒಣ ಮೇವು ಬಿಟ್ಟರೆ ಬೇರೇನೂ ಹಾಕಿಲ್ಲ ಎಂದು ಆಣೆ ಮಾಡುತ್ತಿದ್ದ. ಡಾಕ್ಟರು ಆಕಳ ಹೊಟ್ಟೆಗೆ ಕಿವಿ ಇಟ್ಟು ಕೇಳಿ, ಸಗಣಿ ಮೂಸಿ ನೋಡಿ, "ಮದಿವಿ ಯಾರದಿತ್ತೋ? ಅನ್ನ ಭಾಳ ಉಳಿದಿತ್ತೇನ?" ಎಂದು ಕೇಳಿದರು. ಅವನ ಅಕ್ಕನ ಮಗಳ ಮದುವೆಯಲ್ಲಿ ಉಳಿದ ಅನ್ನವನ್ನೆಲ್ಲ ಅದಕ್ಕೆ ಸುರಿದಿದ್ದ. ಬೈಗುಳ ತಿಂದ, ಆಕಳು ಬದುಕಿತು.

ಅವರಿಗೆ ಒಂದೇ ಒಂದು ಚಪಲ, ಗಿಣ್ಣ. ಅವರ ಕೈಯಲ್ಲಿ ಎಮ್ಮೆ ಈದರೆ, ಆ ಮನೆಯ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ, ಡಾಕ್ಟರ ಪಾಲೆಂದು ಒಂದು ಬಟ್ಟಲು ತೆಗೆದಿಡುವುದು ನಮ್ಮೂರಲ್ಲಿ ರೂಢಿಯೇ ಆಗಿಹೋಗಿತ್ತು. ಆದರೆ ಬಟ್ಟಲು ಮುಟ್ಟುವ ಮೊದಲು ಅವರು ಕೊಟ್ಟಿಗೆಗೆ ಹೋಗಿ ಕರುವಿನ ಹೊಟ್ಟೆ ಒತ್ತಿ ನೋಡುತ್ತಿದ್ದರು. ಅದರ ಹೊಟ್ಟೆ ತುಂಬಿರದಿದ್ದರೆ ಗಿಣ್ಣ ಹಾಗೆಯೇ ವಾಪಸು, ಮೇಲೆ ನಮ್ಮವ್ವನಿಗೆ ಒಂದು ಭಾಷಣ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ದೊಡ್ಡ ಎಮ್ಮೆ ಗೌರಿ ಈದಿತು. ಮರುದಿನ ಬೆಳಿಗ್ಗೆ ನೋಡಿದರೆ ಎದ್ದೇಳಲಾರದೆ, ಕತ್ತನ್ನು ಪಕ್ಕೆಯ ಮೇಲೆ ಹೊರಳಿಸಿ ಮಲಗಿಬಿಟ್ಟಿದೆ. ಕಣ್ಣಲ್ಲಿ ಜೀವವಿಲ್ಲ. ಅವ್ವ ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಡಾಕ್ಟರು ಬಂದವರೇ ಅದರ ಕಿವಿ ಹಿಡಿದರು, ಆಮೇಲೆ ನನ್ನ ಕೈ ಎಳೆದು ಅದೇ ಜಾಗಕ್ಕೆ ಇಟ್ಟರು. ಬಾವಿಯ ಕಲ್ಲು ಮುಟ್ಟಿದ ಹಾಗಿತ್ತು.

"ಇದಕ ಹಾಲುಜ್ವರ ಅಂತಾರ. ಹೆಸರ ಜ್ವರ, ಮೈ ಮಾತ್ರ ತಣ್ಣಗ. ಕಿವಿ ತಣ್ಣಗಾತು ಅಂದ್ರ ಒಳಗ ಏನೋ ಖಾಲಿ ಆಗೇತಿ ಅಂತ ತಿಳಕೋ."

ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ನನ್ನ ಕೈಗೆ ಕೊಟ್ಟು ಎತ್ತಿ ಹಿಡಿಯಲು ಹೇಳಿದರು. ಅವರು ಗೌರಿಯ ಕೊರಳಿನ ನರಕ್ಕೆ ಸೂಜಿ ಹಾಕಿ, ಅದರ ಎದೆಗೆ ಸ್ಟೆತೊಸ್ಕೋಪ್ ಇಟ್ಟುಕೊಂಡು, "ಸಾವಕಾಶ, ಸಾವಕಾಶ" ಅನ್ನುತ್ತಾ ಕುಳಿತರು. ನನ್ನ ರಟ್ಟೆ ಬಿದ್ದುಹೋಗುತ್ತಿತ್ತು, ಆದರೂ ಬಾಟಲಿ ಕೆಳಗಿಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗೌರಿಯ ಮೈ ಸಣ್ಣಗೆ ನಡುಗಿತು. ಒಂದು ದೊಡ್ಡ ತೇಗು ಬಂತು. ಸಗಣಿ ಹಾಕಿತು. ಆಮೇಲೆ ಏನೂ ಆಗಿಯೇ ಇಲ್ಲವೆನ್ನುವ ಹಾಗೆ ಹಿಂಗಾಲು ಊರಿ ಎದ್ದು ನಿಂತು, ಕರುವನ್ನು ಹುಡುಕಿತು. ಅಷ್ಟು ದೊಡ್ಡ ಜೀವ, ಸತ್ತೇ ಹೋಯಿತೆಂದು ಬಿಟ್ಟಿದ್ದು, ನನ್ನ ಕಣ್ಣೆದುರೇ ಎದ್ದು ನಿಂತಿತು. ಅಂಥ ಸಂತೋಷ ನನಗೆ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

"ಕಾಕಾ, ನಾನೂ ಇದನ್ನ ಕಲೀತೇನ್ರಿ," ಅಂದೆ.

ಅವರು ಸೂಜಿ ಒರೆಸುತ್ತಾ ನಕ್ಕರು. "ಕಲಿ. ನಂಗೂ ವಯಸ್ಸಾತು. ಈ ಗಾಡಿ ನಿನಗ ಕೊಟ್ಟ ಹೊಕ್ಕೇನಿ."

ಆ ಮಾತನ್ನು ಅವರು ತಮಾಷೆಗೆ ಹೇಳಿದರೋ ಏನೋ, ನಾನು ಗಟ್ಟಿ ಹಿಡಿದುಬಿಟ್ಟೆ. ಹನ್ನೆರಡನೆಯ ತರಗತಿಗೆ ಸಾಂಗ್ಲಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವಾಗಲೂ ಕಿಟಕಿಯಾಚೆ ಕಾಣುತ್ತಿದ್ದದ್ದು ದನಗಳೇ. ಮನೆಯಲ್ಲಿ ಮಾತ್ರ ಲೆಕ್ಕ ಬೇರೆಯಿತ್ತು. ನಮ್ಮ ಪಾಲಿಗೆ ಮಿರಜ ಅಂದರೆ ದವಾಖಾನೆ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾಗುವುದೆಂದರೆ ಮನೆಗೆ ಕಳಶವಿಟ್ಟ ಹಾಗೆ. ದನದ ಕಾಲೇಜು ಇದ್ದದ್ದು ಮುಂಬಯಿಯಲ್ಲಿ. "ಹುಡುಗಿ ಎಮ್ಮಿ ಹಿಂದ ಕೈ ಹಾಕ್ಕೊಂತ ಊರೂರ ತಿರಗಿದ್ರ ಅಕೀನ್ನ ಯಾರ ಮಾಡ್ಕೊಂತಾರ?" ಎಂದು ನನ್ನ ಮಾವಶಿ, ಅವ್ವನ ತಂಗಿ, ಮನೆ ತುಂಬ ಕೂಗಾಡಿದಳು. ಅಪ್ಪ ಹೆಚ್ಚು ಮಾತಿನವನಲ್ಲ. ನನ್ನ ಮುಖ ನೋಡಿ, "ಚೌಗುಲೆ ಡಾಕ್ಟರ್‍ನ ಕೇಳೂಣು. ಅವರು ಹೂಂ ಅಂದ್ರ ನಂದೂ ಹೂಂ," ಅಂದ. ನಾನು ಗೆದ್ದೆ ಅಂದುಕೊಂಡೆ. ಅವರು ಬೇಡ ಅನ್ನಬಹುದೆಂಬುದು ನನ್ನ ಕನಸಿನಲ್ಲೂ ಇರಲಿಲ್ಲ.

ನಡುವೆ ಹಾಲಿನ ಸಂಘದ ವಾರ್ಷಿಕ ಸಭೆ ಬಂತು. ಸಾಂಗ್ಲಿಯಲ್ಲಿ ದೊಡ್ಡ ಮಂಟಪ, ಹಳ್ಳಿಹಳ್ಳಿಯಿಂದ ಬಂದ ಸದಸ್ಯರು, ಎಲ್ಲರಿಗೂ ಶಿರಾ, ಉಪ್ಪಿಟ್ಟು. ಅಪ್ಪ ನನ್ನನ್ನೂ ಕರೆದೊಯ್ದಿದ್ದ. ಡಾಕ್ಟರು ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕುಳಿತಿದ್ದರು. ಸೆಖೆಯಲ್ಲಿ ಆ ಕೋಟು ಯಾಕೆಂದು ನನಗೆ ನಗು ಬಂತು. ಭಾಷಣಗಳೆಲ್ಲ ಮುಗಿದ ಮೇಲೆ ಮೈಕು ಹಿಡಿದವರು ಮರಾಠಿಯಲ್ಲಿ, ಈಗ ನಮ್ಮ ಡಾಕ್ಟರ್ ಸಾಹೇಬರಿಗೆ ಸನ್ಮಾನ ಎಂದು ಘೋಷಿಸಿದರು. ಹಾಲು ಹಾಕುವ ನಮಗೆಲ್ಲ 'ನಮ್ಮ ಡಾಕ್ಟರು' ಅಂದರೆ ಒಬ್ಬರೇ. ಚೌಗುಲೆ ಡಾಕ್ಟರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು ವೇದಿಕೆಯ ಕಡೆ ಹೆಜ್ಜೆ ಇಟ್ಟರು. ನಾನು ಚಪ್ಪಾಳೆ ತಟ್ಟಲು ಶುರುಮಾಡಿದ್ದೆ. ಅಷ್ಟರಲ್ಲಿ ಸಂಘದ ಒಬ್ಬ ಸಂಚಾಲಕರು ಬಂದು ಅವರ ಮೊಳಕೈ ಹಿಡಿದು, ನಗುತ್ತಲೇ, "ತುಮ್ಹೀ ನಾಹೀ ಹೋ," ನೀವಲ್ಲರೀ, ಅಂದರು. ಸನ್ಮಾನವಿದ್ದದ್ದು ಸಂಘದ ಅಧ್ಯಕ್ಷರಿಗೆ ಆಪರೇಷನ್ ಮಾಡಿದ್ದ ಮಿರಜದ ಸರ್ಜನರಿಗೆ. ಮಂಟಪದಲ್ಲಿ ಒಂದಷ್ಟು ಜನ ನಕ್ಕರು. ಕೆಟ್ಟ ನಗೆಯೇನಲ್ಲ, ಸುಮ್ಮನೆ ಬಂದದ್ದು. ಡಾಕ್ಟರೂ ನಕ್ಕರು. ನಿಂತಲ್ಲೇ ನಿಂತು ಸರ್ಜನರಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ಆಮೇಲೆ ಕುಳಿತರು. ಹಿಂದಿನಿಂದ ನನಗೆ ಅವರ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಅದು ಕೆಂಪಗಾಗಿತ್ತು.

ರಿಸಲ್ಟ್ ಬಂದು ಕೆಲವು ದಿನಕ್ಕೆ ಡಾಕ್ಟರು ನಮ್ಮ ಮನೆಗೆ ಬಂದರು. ಗೌರಿಯ ಹಿರಿಯ ಮಗಳು ಮೊದಲ ಸಲ ಈದಿತ್ತು, ಗಿಣ್ಣದ ಬಟ್ಟಲು ಸಿದ್ಧವಿತ್ತು. ಕರುವಿನ ಹೊಟ್ಟೆ ನೋಡಿ ಬಂದು ಕಟ್ಟೆಯ ಮೇಲೆ ಕುಳಿತರು. ಅಪ್ಪ ಕೇಳಿದ: "ಹುಡುಗಿಗಿ ಎರಡೂ ಕಡೆ ಸೀಟ್ ಸಿಗೂವಷ್ಟ ಮಾರ್ಕ್ಸ ಬಿದ್ದಾವ್ರಿ. ಅಕಿ ನಿಮ್ಮ ದಾರಿ ಹಿಡೀತೇನಿ ಅಂತಾಳ. ನೀವ ಹೇಳ್ರಿ."

ಡಾಕ್ಟರು ತಿನ್ನುತ್ತಿದ್ದ ಗಿಣ್ಣದ ಬಟ್ಟಲನ್ನು ಪಕ್ಕಕ್ಕಿಟ್ಟರು. ಅವತ್ತು ಅವರು ನನ್ನ ಕಿವಿ ಹಿಡಿದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಮಿರಜಕ್ಕ ಕಳಸ್ರಿ," ಅಂದರು.

"ಕಾಕಾ! ಗಾಡಿ ಕೊಡ್ತೇನಿ ಅಂದಿದ್ರಲ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಮನಷ್ಯಾರ ಡಾಕ್ಟರ್ ಎದ್ದ ನಿಂತ್ರ ಯಾರೂ ಕುಂದರ ಅನ್ನೂದಿಲ್ಲ, ಸುಮಿ. ಅಷ್ಟ ಸಾಕು."

ಬಟ್ಟಲಿನಲ್ಲಿ ಅರ್ಧ ಗಿಣ್ಣ ಹಾಗೇ ಉಳಿದಿತ್ತು. ಮೋಟಾರ್‌ಸೈಕಲ್ ಹಳ್ಳ ದಾಟುವವರೆಗೂ ನಾನು ಗೌರಿಯ ಕೊರಳು ಹಿಡಿದುಕೊಂಡು ಅತ್ತೆ. ಮನೆಯವರೆಲ್ಲ ಒಂದು ಕಡೆ ಆದರೂ ನಾನು ಜಗಳವಾಡುತ್ತಿದ್ದೆ. ಆದರೆ ಅವರ ವಿರುದ್ಧ ಅವರದೇ ಕೆಲಸದ ಪರ ಹೇಗೆ ವಾದ ಮಾಡುವುದು?

ಮಿರಜದಲ್ಲಿ ಓದಿದೆ, ಮಿರಜದಲ್ಲೇ ಕೆಲಸಕ್ಕೆ ಸೇರಿದೆ. ಕೆಟ್ಟ ಡಾಕ್ಟರೇನೂ ಆಗಲಿಲ್ಲ. ಕರ್ನಾಟಕದ ಕಡೆಯಿಂದ ರೈಲಿನಲ್ಲಿ ಬರುವ ಪೇಶಂಟುಗಳು ಕನ್ನಡ ಮಾತಾಡುವ ಡಾಕ್ಟರಬಾಯಿ ಅಂತ ನನ್ನ ಬಾಗಿಲಿಗೇ ಬರುತ್ತಿದ್ದರು. ಹೆಸರೂ ಬಂತು. ಊರಿನ ಗಣಪತಿ ಮಂಡಳಿಯವರು ಕರೆದು ಶಾಲು ಹೊದಿಸಿದರು, ನಾನು ಎದ್ದು ನಿಂತಾಗ ಯಾರೂ ಕೂರು ಅನ್ನಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ನಿಜವಾಯಿತು. ಆದರೂ ರಸ್ತೆ ಬದಿಯಲ್ಲಿ ಒಂದು ಎಮ್ಮೆ ತಲೆ ತಗ್ಗಿಸಿ ನಿಂತಿದ್ದರೆ ನನ್ನ ಕೈ ತಾನಾಗಿಯೇ ಮುಂದೆ ಚಾಚುತ್ತಿತ್ತು. ನಾನು ಬದುಕಬೇಕಾಗಿದ್ದ ಬದುಕು ಊರ ಹೊರಗಿನ ಹಳ್ಳ ದಾಟಿ ಹೊರಟುಹೋಗಿದೆ ಎಂದು ಅನ್ನಿಸದ ದಿನ ಕಡಿಮೆ. ರಜೆಯಲ್ಲಿ ಊರಿಗೆ ಹೋದಾಗ ಡಾಕ್ಟರ ಗಾಡಿಯ ಸದ್ದು ಕೇಳಿದರೆ ಒಳಗೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಅವರೂ ನಮ್ಮ ಕೊಟ್ಟಿಗೆಯ ಕೆಲಸ ಮುಗಿಸಿ, ಚಹಾ ಕುಡಿಯದೆ ಹೊರಡುತ್ತಿದ್ದರಂತೆ.

ಅವರು ನಿವೃತ್ತರಾದ ಮೇಲೆ ಒಂದು ಬೇಸಿಗೆಯಲ್ಲಿ ಮಿರಜದ ದವಾಖಾನೆಯ ನನ್ನ ಕೋಣೆಗೆ ಬಂದರು. ಕರೆಂಟು ಹೋಗಿತ್ತು, ಹೊರಗೆ ಬೆಂಚಿನ ಮೇಲೆ ಜನ ಕೇಸ್‌ಪೇಪರಿನಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ನಡುವೆ ಪಾಳಿ ಹಚ್ಚಿ ಕುಳಿತು, ತಮ್ಮ ಸರದಿ ಬಂದಾಗಲೇ ಒಳಗೆ ಬಂದರು. ಬಹಳ ಇಳಿದುಹೋಗಿದ್ದರು.

"ಕಾಕಾ, ನೀವ ಯಾಕ ಪಾಳಿ ಹಚ್ಚಿದ್ರಿ! ಏನ್ ತ್ರಾಸ ಆಗೇತ್ರಿ?"

"ತ್ರಾಸ ಏನಿಲ್ಲ. ನಿನ್ನ ನೋಡಾಕ ಬಂದೇನಿ." ಕುರ್ಚಿಯಲ್ಲಿ ಕುಳಿತು ಸುತ್ತ ನೋಡಿದರು. "ಸಂಘದಾಗ ನನ್ನ ಜಾಗಾಕ್ಕ ಒಂದ ಹುಡುಗಿ ಬಂದಾಳ. ಗಾಡಿ ತಾನ ಹೊಡೀತಾಳ. ಮೊನ್ನೆ ಸಾಂಗ್ಲಿವಾಡ್ಯಾಗ ಹೊಟ್ಟ್ಯಾಗ ಅಡ್ಡ ಸಿಕ್ಕ ಕರು ತಗದ್ಲು, ನಾ ನಿಂತ ನೋಡಿದೆ. ಮಂದಿ ಅಕಿಗಿ ಮೇಡಮ್ಮ ಅಂತಾರ. ಕುರ್ಚಿ ತಂದ ಹಾಕ್ತಾರ."

ನಾನು ಮೇಜಿನ ಮೇಲಿದ್ದ ಕೇಸ್‌ಪೇಪರುಗಳನ್ನು ಜೋಡಿಸಿದೆ.

"ಒಂದ ಮಧ್ಯಾಹ್ನ ನನಗ ನಾಚಿಕಿ ಆತು ಅಂತ, ನಿನ್ನ ಇಡೀ ದಾರಿನ ತಪ್ಪಿಸಿಬಿಟ್ಟೆ ಏನ, ಸುಮಿ?"

ಇಷ್ಟು ವರ್ಷ ಈ ಪ್ರಶ್ನೆಗೆ ನನ್ನೊಳಗೆ ಉತ್ತರ ಸಿದ್ಧವಾಗಿತ್ತು. ಆದರೆ ಎದುರಿಗಿದ್ದದ್ದು ಇದೊಂದನ್ನೇ ಕೇಳಲು ಪಾಳಿ ಹಚ್ಚಿ ಕುಳಿತಿದ್ದ ಮುದುಕ. "ಇಲ್ರಿ ಕಾಕಾ. ನೀವ ಹೇಳಿದ್ದ ಬರೋಬರಿ ಆತು. ನಾ ಭಾಳ ಆರಾಮ ಅದೇನಿ," ಅಂದೆ.

ಅವರು ಮೇಜಿನ ಮೇಲಿಂದ ಬಾಗಿ ನನ್ನ ಕಿವಿಯ ಬುಡ ಹಿಡಿದರು. ಕಣ್ಣು ಮುಚ್ಚಿ, ಅದೇ ಹಳೆಯ ಮುಖ ಮಾಡಿಕೊಂಡು ಒಂದು ಗಳಿಗೆ ಕುಳಿತರು.

"ತಣ್ಣಗ ಅದಾವಲ್ಲ."

"ಫ್ಯಾನಿನ ಗಾಳಿಗ್ರಿ," ಅಂದೆ.

ಅವರು ತಲೆಯೆತ್ತಿ, ನಿಂತುಹೋಗಿದ್ದ ಫ್ಯಾನನ್ನು ನೋಡಿದರು. "ಹೌದು. ಫ್ಯಾನಿಂದ ಇರಬೇಕು," ಎಂದು ಹೇಳಿ ಮೆಲ್ಲಗೆ ಎದ್ದರು. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ. ಮುಂದಿನ ಪೇಶಂಟು ಆಗಲೇ ಒಳಗೆ ಬಂದು ಕುಳಿತಾಗಿತ್ತು.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಾಧವನಗರದಲ್ಲಿ ಎಲ್ಲವೂ ಮುಗಿದಿತ್ತು. ಮುಂದಿನ ಭಾನುವಾರ ಊರಿಗೆ ಹೋದೆ. ನಮ್ಮ ಎಮ್ಮೆ ಈದು ಎರಡು ದಿನವಾಗಿತ್ತು. ಅವ್ವ ನನ್ನ ಮುಂದೆ ಗಿಣ್ಣದ ಬಟ್ಟಲು ತಂದಿಟ್ಟಳು. "ರೂಢಿ ನೋಡ. ತಗದ ಇಟ್ಟಮ್ಯಾಲ ನೆನಪಾತು, ಒಯ್ಯಾಕ ಯಾರೂ ಬರೂದಿಲ್ಲಂತ," ಅಂದಳು.

ನಾನು ಎದ್ದು ಕೊಟ್ಟಿಗೆಗೆ ಹೋದೆ. ಕರುವಿನ ಹೊಟ್ಟೆ ಒತ್ತಿ ನೋಡಿದೆ, ತುಂಬಿತ್ತು. ಎಮ್ಮೆಯ ಕಿವಿಯ ಬುಡ ಹಿಡಿದೆ, ಬೆಚ್ಚಗಿತ್ತು. ಅದೇ ಕೈಯಿಂದ ನನ್ನ ಕಿವಿ ಮುಟ್ಟಿ ನೋಡಿಕೊಳ್ಳಲು ಮಾತ್ರ ಧೈರ್ಯ ಬರಲಿಲ್ಲ.